ಗುಲಾಬಿಯ ಅನುಭವದ ಜೊತೆ ಊರಿನ ಹೆಸರೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ವಾರದ ಪುರವಣಿಗೆ ಓದುಗರು ತಮ್ಮ ಮನೆಯ ಗುಲಾಬಿ ಮತ್ತು ಒಳಾಂಗಣ ಗಿಡಗಳ ಬಗ್ಗೆ ಬರೆದು ಕಳಿಸುವ ಅನುಭವಗಳನ್ನು ನಾನು ತಪ್ಪದೆ ಓದುತ್ತೇನೆ. ಅವುಗಳಲ್ಲಿ ಕೆಲವನ್ನು ನಂಬಿ ಗಿಡಗಳನ್ನು ಕಳೆದುಕೊಂಡದ್ದೂ ಉಂಟು. ಬರೆದವರನ್ನು ಇದಕ್ಕೆ ದೂರುವಂತಿಲ್ಲ, ಏಕೆಂದರೆ ಅವರ ಮನೆಯಲ್ಲಿ ಅದು ನಿಜವಾಗಿಯೇ ಫಲ ಕೊಟ್ಟಿರುತ್ತದೆ. ಆದರೆ ಆ ಮನೆ ಯಾವ ಊರಿನಲ್ಲಿದೆ, ಗಿಡಕ್ಕೆ ಹಾಕುವ ನೀರು ಬೋರ್‌ವೆಲ್‌ನದೋ ನಲ್ಲಿಯದೋ ಬಾವಿಯದೋ, ಹೇಳಿದ ಕೆಲಸವನ್ನು ಮಾಡಿದ್ದು ಯಾವ ತಿಂಗಳಲ್ಲಿ ಎಂಬ ವಿವರಗಳು ಅಚ್ಚಾದ ಬರಹದಲ್ಲಿ ಇರುವುದೇ ಇಲ್ಲ. ಅವನ್ನು ಕಡ್ಡಾಯವಾಗಿ ಕೇಳಿ ಪಡೆದು ಪ್ರಕಟಿಸಬೇಕೆಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯಲ್ಲಿ. ನನ್ನ ಬಾಲ್ಯದಲ್ಲಿ ನಮ್ಮ ಕಡೆ ಹೂಗಿಡವನ್ನು ದುಡ್ಡು ಕೊಟ್ಟು ತರುವ ರೂಢಿ ಇರಲಿಲ್ಲ. ಮದುವೆಗೋ ಉಪನಯನಕ್ಕೋ ಹೋದ ಹೆಂಗಸರು ಊಟವಾದ ಮೇಲೆ ಅಂಗಳವನ್ನೊಮ್ಮೆ ಸುತ್ತಿ, ತಮ್ಮಲ್ಲಿಲ್ಲದ ಬಣ್ಣದ ಡೇರೆ ಹೂವಿನ (ಡೇಲಿಯಾ) ಗಡ್ಡೆಯನ್ನೋ ಗುಲಾಬಿಯ ಕಡ್ಡಿಯನ್ನೋ ಬಾಳೆಪಟ್ಟೆಯಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಕೇಳಿ ತಂದದ್ದಕ್ಕಿಂತ ಕದ್ದು ತಂದದ್ದು ಚೆನ್ನಾಗಿ ಚಿಗುರುತ್ತದೆ ಎಂಬ ನಂಬಿಕೆಯೂ ಇತ್ತಾದ್ದರಿಂದ, ಮನೆಯಾಕೆ ಕಂಡರೂ ಕಾಣದವಳಂತೆ ಒಳಗೆ ಹೋಗಿಬಿಡುತ್ತಿದ್ದಳು. ಕಡ್ಡಿಯ ಹಿಂದೆಯೇ ಮಾತೂ ಬರುತ್ತಿತ್ತು: ಇದನ್ನು ಮಳೆಗಾಲದಲ್ಲಿ ಮಾಡಿನ ಕೆಳಗೆ ಇಡಬೇಕು, ಅದಕ್ಕೆ ಗೊಬ್ಬರ ಹೆಚ್ಚಾದರೆ ಬರೀ ಎಲೆ, ಇನ್ನೊಂದಕ್ಕೆ ಬುಡದಲ್ಲಿ ನೀರು ನಿಲ್ಲಬಾರದು ಎಂದು. ಕೊಟ್ಟವರ ಅಂಗಳಕ್ಕೂ ತಂದವರ ಅಂಗಳಕ್ಕೂ ಮಣ್ಣು ಒಂದೇ, ಮಳೆ ಒಂದೇ. ಆದ್ದರಿಂದ ಆ ಮಾತಿಗೆ ಊರಿನ ಹೆಸರು ಸೇರಿಸುವ ಅಗತ್ಯ ಬೀಳುತ್ತಿರಲಿಲ್ಲ. ಈಗ ದೆಹಲಿಯವರ ಅನುಭವವನ್ನು ಧಾರವಾಡದವರೂ, ಮಂಗಳೂರಿನವರ ಅನುಭವವನ್ನು ಬಳ್ಳಾರಿಯವರೂ ಓದುತ್ತೇವೆ, ಮಾತು ಮಾತ್ರ ಹಳೆಯ ರೀತಿಯಲ್ಲಿಯೇ ಬರುತ್ತಿದೆ.

ಇದರಿಂದ ಆಗುವ ನಷ್ಟಕ್ಕೆ ನನ್ನ ತಾರಸಿಯೇ ಸಾಕ್ಷಿ. ಬೆಂಗಳೂರಿಗೆ ಬಂದ ಮೇಲೆ 22 ಕುಂಡಗಳಲ್ಲಿ ಗುಲಾಬಿ ಇಟ್ಟೆ. ಅಕ್ಟೋಬರ್ ಮೊದಲ ವಾರದಲ್ಲಿ ಗಿಡವನ್ನು ಅರ್ಧಕ್ಕಿಂತ ಹೆಚ್ಚು ಸವರಿಬಿಡಬೇಕು, ಚಳಿಗಾಲದಲ್ಲಿ ಮೈತುಂಬ ಹೂ ಬಿಡುತ್ತದೆ ಎಂದು ಎಲ್ಲೋ ಓದಿ, ಹಾಗೆಯೇ ಮಾಡಿದೆ. ಅದು ಉತ್ತರ ಭಾರತದವರ ಪಂಚಾಂಗ ಎಂದು ನನಗೆ ತಿಳಿದದ್ದು ಆಮೇಲೆ. ಅವರಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಮಳೆ ಹಿಂದೆ ಸರಿದು ಹವೆ ಒಣಗಿರುತ್ತದೆ. ಬೆಂಗಳೂರಿನಲ್ಲಾದರೋ ವರ್ಷದಲ್ಲೇ ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ಸೇರಿವೆ. ಕತ್ತರಿಸಿದ ಹಸಿ ತುದಿಗಳ ಮೇಲೆ ದಿನವೂ ಸಂಜೆ ಮಳೆ ಸುರಿದು, ಕೊಂಬೆಗಳು ತುದಿಯಿಂದ ಕೆಳಕ್ಕೆ ಕಪ್ಪಾಗಿ ಒಣಗುತ್ತಾ ಬಂದವು. ನವೆಂಬರ್ ಮುಗಿಯುವಷ್ಟರಲ್ಲಿ ಒಂಬತ್ತು ಗಿಡಗಳು ಸತ್ತಿದ್ದವು. ಈಗ ನಾನು ಮಳೆ ಪೂರ್ತಿ ನಿಂತದ್ದನ್ನು ನೋಡಿಕೊಂಡು ನವೆಂಬರ್ ನಡುವೆ ಸವರುತ್ತೇನೆ ಮತ್ತು ಗಾಯದ ತುದಿಗಳಿಗೆ ಮೈಲುತುತ್ತ ಹಾಗೂ ಸುಣ್ಣ ಕಲಸಿದ ಬೋರ್ಡೋ ಮುಲಾಮನ್ನು ಹಚ್ಚುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಅಪ್ಪ ಪ್ರತಿ ಮಳೆಗಾಲವೂ ಹೊಡೆಸುತ್ತಿದ್ದದ್ದು ಇದೇ ಎರಡು ವಸ್ತುಗಳ ದ್ರಾವಣವನ್ನು. ಅದು ಗುಲಾಬಿಗೂ ಆಗುತ್ತದೆ ಎಂದು ಹೊಳೆಯಲು ನನಗೆ ಒಂಬತ್ತು ಗಿಡಗಳು ಬೇಕಾದವು.

ನೀರಿನ ವಿಷಯ ಇನ್ನೂ ತೊಡಕಿನದು. ನಮ್ಮ ಬೋರ್‌ವೆಲ್‌ನ ನೀರು ಬಹಳ ಗಡಸು, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳಿಕೆ ಕಟ್ಟುತ್ತದೆ. ಇಂಥ ನೀರನ್ನು ವರ್ಷಗಟ್ಟಲೆ ಹಾಕಿದ ಕುಂಡದ ಮಣ್ಣು ಕ್ಷಾರವಾಗುತ್ತಾ ಹೋಗಿ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಆಗ ಎಳೆಯ ಎಲೆಗಳು ನರಗಳಷ್ಟೇ ಹಸಿರಾಗಿ ಉಳಿದು, ಮಿಕ್ಕ ಭಾಗವೆಲ್ಲ ಹಳದಿಗೆ ತಿರುಗುತ್ತದೆ. ನಾನು ಇದನ್ನು ಗೊಬ್ಬರದ ಕೊರತೆಯೆಂದು ಭಾವಿಸಿ, ಎಲ್ಲರೂ ಹೊಗಳುವ ಮೊಟ್ಟೆ ಸಿಪ್ಪೆಯ ಪುಡಿಯನ್ನು ಹಾಕಿದೆ. ಮೊಟ್ಟೆಯ ಸಿಪ್ಪೆ ಎಂದರೆ ಸುಣ್ಣದ ಅಂಶವೇ, ಅದು ಈ ಮಣ್ಣಿನಲ್ಲಿ ಮೊದಲೇ ಬೇಕಾದುದಕ್ಕಿಂತ ಹೆಚ್ಚಿತ್ತು. ಮಲೆನಾಡಿನ ಹುಳಿಮಣ್ಣಿನವರಿಗೆ ಬಹುಶಃ ಅದರಿಂದ ಕೆಡುಕಾಗದು. ಕೊನೆಗೆ ಕಬ್ಬಿಣದ ಲವಣವಾದ ಅನ್ನಭೇದಿಯನ್ನು ತೆಳುವಾಗಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದ್ದು ಮತ್ತು ಮಳೆಗಾಲದಲ್ಲಿ ಡ್ರಮ್‌ನಲ್ಲಿ ಹಿಡಿದಿಟ್ಟ ನೀರನ್ನೇ ಹಾಕಿದ್ದು ಕೆಲಸಕ್ಕೆ ಬಂತು. ಅನ್ನಭೇದಿಯನ್ನು ನೇರ ಮಣ್ಣಿಗೆ ಸುರಿದಿದ್ದರೆ ಅದೇ ಸುಣ್ಣ ಅದನ್ನೂ ಹಿಡಿದಿಟ್ಟುಕೊಳ್ಳುತ್ತಿತ್ತು.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟಕ್ಕೆ ಕುಡಿಯುವ ನೀರನ್ನು ಬಳಸಬಾರದೆಂದೂ ಬಳಸಿದರೆ ₹5,000 ದಂಡವೆಂದೂ ಆದೇಶಿಸಿದಾಗ, ಕುಡಿಯುವ ನೀರಿನ ಶುದ್ಧೀಕರಣ ಯಂತ್ರದಿಂದ ಹೊರಬೀಳುವ ತ್ಯಾಜ್ಯ ನೀರನ್ನು ಗಿಡಗಳಿಗೆ ಹಾಕಿರೆಂಬ ಸಲಹೆ ಎಲ್ಲೆಡೆ ಹರಿದಾಡಿತು. ನಲ್ಲಿಯ ನೀರು ಮೃದುವಾಗಿರುವ ಮನೆಯಲ್ಲಿ ಅದು ನಡೆದೀತು. ಬೋರ್‌ವೆಲ್‌ನ ನೀರನ್ನು ಶುದ್ಧೀಕರಿಸುವ ಮನೆಯಲ್ಲಿ, ಮೊದಲೇ ಇದ್ದ ಲವಣಗಳೆಲ್ಲ ಆ ಹೊರಬೀಳುವ ನೀರಿನಲ್ಲಿಯೇ ಒತ್ತಟ್ಟಾಗಿರುತ್ತವೆ. ನನ್ನ ಗುಲಾಬಿಗಳ ಎಲೆಯಂಚು ಮೂರೇ ವಾರದಲ್ಲಿ ಸುಟ್ಟಂತಾಯಿತು. ಪಾತ್ರೆ ತೊಳೆದ ಮೊದಲ ನೀರನ್ನೂ ಅಕ್ಕಿ ತೊಳೆದ ನೀರನ್ನೂ ಹಾಕಿದವರು ಆ ಬೇಸಿಗೆಯನ್ನು ಸುಲಭವಾಗಿ ದಾಟಿದರು.

ಧಾರವಾಡದಲ್ಲಿರುವ ನನ್ನ ತಂಗಿಯದು ಎರೆಮಣ್ಣು. ನನ್ನಂತೆ ದಿನಕ್ಕೊಮ್ಮೆ ನೀರು ಹಾಕಿದರೆ ಅವಳ ಗಿಡ ಕೊಳೆಯುತ್ತದೆ. ಅವಳು ಮರಳು ಬೆರೆಸಿ, ಏರಿ ಮಾಡಿ ನೆಟ್ಟಿದ್ದಾಳೆ. ನಾವಿಬ್ಬರೂ ದೂರವಾಣಿಯಲ್ಲಿ ಗುಲಾಬಿಯ ಮಾತು ಆಡುವಾಗ ಮೊದಲು ಹವೆಯನ್ನು ಕೇಳಿಕೊಂಡೇ ಮುಂದುವರಿಯುತ್ತೇವೆ.

ಒಳಾಂಗಣ ಗಿಡಗಳ ಬಗ್ಗೆ ಬರುವ ಬರಹಗಳಲ್ಲಿ ಸ್ಥಳದ ಮರೆವು ಇನ್ನೊಂದು ಬಗೆಯದು. ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಪೀಸ್ ಲಿಲಿಗಳು ಮನೆಯ ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ನಾಸಾ ಹೇಳಿದೆಯೆಂಬ ಸಾಲಿಲ್ಲದ ಬರಹ ಅಪರೂಪ. 1989ರ ಆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಮನೆಯೊಳಗೆ ಹೊರಗಾಳಿ ಬಂದುಹೋಗುವುದರಿಂದಲೇ ಆಗುವಷ್ಟು ಶುದ್ಧಿಯನ್ನು ಗಿಡಗಳಿಂದ ಪಡೆಯಬೇಕಾದರೆ ಪ್ರತಿ ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡಗಳು ಬೇಕಾಗುತ್ತವೆ ಎಂದು, ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ವಿಜ್ಞಾನಿಗಳು 2019ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹಾಗೆ ಇಟ್ಟರೆ ಮನೆಯವರು ತಾರಸಿಯಲ್ಲಿ ಮಲಗಬೇಕಾದೀತು. ಸ್ನೇಕ್ ಪ್ಲಾಂಟ್ ರಾತ್ರಿ ಆಮ್ಲಜನಕ ಬಿಡುತ್ತದೆ ಎಂಬುದೂ ಹೀಗೆಯೇ ತಿರುಚಿಕೊಂಡ ಮಾತು: ಅದು ರಾತ್ರಿ ಎಲೆಯ ರಂಧ್ರಗಳನ್ನು ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತದೆ, ಆಮ್ಲಜನಕ ಹುಟ್ಟುವುದಕ್ಕೆ ಬೆಳಕೇ ಬೇಕು. ಈ ಗಿಡಗಳನ್ನು ಸಾಕುವವರಿಗೆ ನಿಜಕ್ಕೂ ಬೇಕಾದದ್ದು ಕುಂಡ ಇಟ್ಟಿದ್ದ ಕಿಟಕಿ ಯಾವ ದಿಕ್ಕಿನದು, ಅದರಿಂದ ಎಷ್ಟು ಅಡಿ ದೂರವಿತ್ತು, ಎರಡು ನೀರಿನ ನಡುವೆ ಎಷ್ಟು ದಿನ ಬಿಟ್ಟಿರಿ ಎಂಬ ಮಾಹಿತಿ.

ಕಳೆದ ತಿಂಗಳು ಓದುಗರೊಬ್ಬರು ತಮ್ಮ ಗುಲಾಬಿ ಆಳೆತ್ತರ ಬೆಳೆದರೂ ಎರಡು ವರ್ಷದಿಂದ ಹೂ ಬಿಟ್ಟಿಲ್ಲವೆಂದು ಬರೆದಿದ್ದರು, ಉತ್ತರವಾಗಿ ಬಂದವೆಲ್ಲ ಗೊಬ್ಬರದ ಹೆಸರುಗಳು. ಆ ಗಿಡ ಕಸಿಯದೋ ಕಡ್ಡಿಯದೋ ಎಂದು ಯಾರೂ ಕೇಳಲಿಲ್ಲ. ಕಸಿಯದಾಗಿದ್ದರೆ, ಗಂಟಿನ ಕೆಳಗಿರುವ ಕಾಡುಗುಲಾಬಿಯ ಬುಡದಿಂದ ಎದ್ದ ಚಿಗುರು ಮೇಲಿನ ಗಿಡವನ್ನು ನುಂಗಿಹಾಕಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಎಷ್ಟು ಗೊಬ್ಬರ ಹಾಕಿದರೂ ಬೆಳೆಯುವುದು ಕಾಡುಗಿಡವೇ. ಆದ್ದರಿಂದ ನಾನು ಮೊದಲು ಹೇಳಿದ ವಿವರಗಳಿಗೆ ಗಿಡ ಕಸಿಯದೋ ಕಡ್ಡಿಯದೋ ಎಂಬುದನ್ನೂ ಸೇರಿಸಿ, ಸತ್ತ ಗಿಡಗಳ ಸಂಖ್ಯೆಯನ್ನೂ ತಪ್ಪದೆ ಕೇಳಿ. ಇದಕ್ಕೆಲ್ಲ, ಅರಳಿದ ಹೂವಿನ ಚಿತ್ರಕ್ಕೆ ಕೊಡುವ ಜಾಗದಲ್ಲಿ ಕಾಲುಭಾಗ ಸಾಕು.

ಮಾದರಿಗೆ ನನ್ನ ಈ ವರ್ಷದ ವರದಿ ಇಲ್ಲಿದೆ. ಸ್ಥಳ ಪಶ್ಚಿಮ ಬೆಂಗಳೂರಿನ ತಾರಸಿ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಬಿಸಿಲು. ನೀರು ಬೋರ್‌ವೆಲ್‌ನದು, ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆಯದು. ಗಿಡಗಳು 12 ಇಂಚಿನ ಕುಂಡಗಳಲ್ಲಿರುವ ಕಸಿ ಗುಲಾಬಿಗಳು. ಸವರಿದ್ದು ನವೆಂಬರ್ ಮೂರನೆಯ ವಾರ, ಮೊದಲ ಹೂ ಅರಳಿದ್ದು ಜನವರಿ ಮೊದಲ ವಾರ. ಸತ್ತವು ಎರಡು, ಕಾರಣ ಇನ್ನೂ ಗೊತ್ತಾಗಿಲ್ಲ. ತಿಳಿದವರು ತಮ್ಮ ಊರಿನ ಹೆಸರಿನೊಂದಿಗೆ ಬರೆದು ತಿಳಿಸಬೇಕಾಗಿ ವಿನಂತಿ.

ಇಂತು ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಶಿಕ್ಷಕಿ, ಬೆಂಗಳೂರು