ಮ್ಯಾಥ್ಯೂ ಪೆರಿ: ಚಟವಲ್ಲ, ಕಾಯಿಲೆ

ಮಾನ್ಯ ಸಂಪಾದಕರೇ,

ಅಮೆರಿಕದ ನಟ ಮ್ಯಾಥ್ಯೂ ಪೆರಿ ಅವರ ಬದುಕಿನ ಕುರಿತು ತಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ‘ಚಟವೇ ಚಟ್ಟ ಕಟ್ಟಿಸಿತು’ ಎಂಬ ಪ್ರಾಸದ ಶೀರ್ಷಿಕೆಯನ್ನು ಕಂಡಾಗಲೇ ಮನಸ್ಸಿಗೆ ಕಸಿವಿಸಿಯಾಗಿತ್ತು. ಎರಡನೆಯ ಓದಿನಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬಿತ್ತು. ಅವರ ಯಶಸ್ಸಿನ ಬಗ್ಗೆ ಬರೆಯುವಾಗ ‘ಅವರು’ ಎಂದು ಗೌರವದಿಂದ ಸಂಬೋಧಿಸುವ ಲೇಖಕರು, ಕುಡಿತದ ಪ್ರಸ್ತಾಪ ಬಂದ ಸಾಲಿನಿಂದ ಮುಂದಕ್ಕೆ ‘ಅವನು’ ಎಂದು ಏಕವಚನಕ್ಕೆ ಇಳಿದುಬಿಡುತ್ತಾರೆ. ಹೃದ್ರೋಗದಿಂದಲೋ ಕ್ಯಾನ್ಸರಿನಿಂದಲೋ ತೀರಿಕೊಂಡ ಕಲಾವಿದರ ಬಗ್ಗೆ ನಾವು ಹೀಗೆ ಬರೆಯುವುದಿಲ್ಲ. ಅವರು ಬದುಕನ್ನು ಕೈಯಾರೆ ಹಾಳುಮಾಡಿಕೊಂಡರು ಎಂಬ ತೀರ್ಪು ಆ ಏಕವಚನದಲ್ಲಿಯೇ ಅಡಗಿದೆ, ಮತ್ತು ಆ ತೀರ್ಪು ತಪ್ಪು ಎಂದು ಹೇಳುವುದಕ್ಕಾಗಿಯೇ ಈ ಪತ್ರ.

ಪೆರಿ ಮೊದಲ ಸಲ ಕುಡಿದದ್ದು ತಮ್ಮ 14ನೆಯ ವಯಸ್ಸಿನಲ್ಲಿ. ಕೆನಡಾದ ಒಟ್ಟಾವಾದಲ್ಲಿ ತಾಯಿಯೊಂದಿಗೆ ಬೆಳೆಯುತ್ತಿದ್ದ, ಟೆನಿಸ್‌ನಲ್ಲಿ ಹೆಸರು ಮಾಡುತ್ತಿದ್ದ ಹುಡುಗನಾಗಿದ್ದರು ಆಗ. ಮುಂದಿನ ವರ್ಷ, ನಟರಾಗಿದ್ದ ತಂದೆಯ ಬಳಿಗೆ, ಲಾಸ್ ಏಂಜಲೀಸ್‌ಗೆ ಬಂದರು. 1994ರಲ್ಲಿ, ಅವರಿಗೆ ಹೆಸರು ತಂದ ‘ಫ್ರೆಂಡ್ಸ್’ ಎಂಬ ಟಿ.ವಿ. ಹಾಸ್ಯ ಧಾರಾವಾಹಿ ಆರಂಭವಾದಾಗ ಅವರಿಗೆ ಇನ್ನೂ 25 ವರ್ಷ. ಅಂದರೆ ಜಗತ್ತು ಅವರನ್ನು ಗುರುತಿಸುವುದಕ್ಕೆ ಹತ್ತು ವರ್ಷಗಳ ಮೊದಲೇ ಕಾಯಿಲೆ ಅವರನ್ನು ಗುರುತಿಸಿತ್ತು. ಹಣ ಮತ್ತು ಪ್ರಸಿದ್ಧಿ ತಲೆಗೇರಿ ಕೆಟ್ಟರು ಎಂದು ಲೇಖನದಲ್ಲಿ ಹೇಳಿರುವುದಕ್ಕೆ ಈ ಕಾಲಾನುಕ್ರಮವೇ ಉತ್ತರ.

ಸಿನಿಮಾವೊಂದರ ಚಿತ್ರೀಕರಣದ ವೇಳೆ ನೀರಿನ ಮೇಲೆ ಓಡುವ ಸ್ಕೂಟರಿನ ಅಪಘಾತವಾಗಿ, ನೋವಿಗೆಂದು ವೈದ್ಯರು ಓಪಿಯಾಯ್ಡ್ (ಅಫೀಮಿನಂತೆ ವರ್ತಿಸುವ ನೋವುನಿವಾರಕ) ಮಾತ್ರೆ ಕೊಟ್ಟರು. ಮುಂದೆ ಒಂದು ಹಂತದಲ್ಲಿ ದಿನಕ್ಕೆ 55 ಮಾತ್ರೆಗಳನ್ನು ನುಂಗುತ್ತಿದ್ದುದಾಗಿ ಅವರೇ 2022ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1997ರಲ್ಲಿ ಮಿನೆಸೋಟಾದ ಚಿಕಿತ್ಸಾ ಕೇಂದ್ರಕ್ಕೆ ಸೇರಿದರು. ಚೇತರಿಸಿಕೊಂಡರು, ಮತ್ತೆ ಕಾಯಿಲೆ ಮರುಕಳಿಸಿತು, ಮತ್ತೆ ಸೇರಿದರು. ಹೀಗೆ ಒಟ್ಟು 15 ಸಲ. ತಮ್ಮ ಲೇಖಕರು ಈ 15ನ್ನು ಸೋಲುಗಳ ಲೆಕ್ಕವಾಗಿ ಕೊಟ್ಟಿದ್ದಾರೆ. ನಾನು ಅದನ್ನು ಬದುಕಬೇಕೆಂಬ ಹಟದ ಲೆಕ್ಕವಾಗಿ ಓದುತ್ತೇನೆ. ನಮ್ಮ ಮನೆಯಲ್ಲಿಯೂ ಈ ಕಾಯಿಲೆಯನ್ನು ಹತ್ತಿರದಿಂದ ನೋಡಿದವಳು ನಾನು. ಎರಡನೆಯ ಸಲ ಚಿಕಿತ್ಸೆಗೆ ಹೋಗಲು ಒಪ್ಪುವುದು ಮೊದಲನೆಯ ಸಲಕ್ಕಿಂತ ಎಷ್ಟು ಕಷ್ಟವೆಂದು ಬಲ್ಲೆ. ಹದಿನೈದನೆಯ ಸಲ ಆ ಬಾಗಿಲನ್ನು ತಟ್ಟಿದವರನ್ನು ಮನೋಬಲವಿಲ್ಲದವರು ಎನ್ನಲು ನನ್ನಿಂದಾಗದು.

ಈ ಹೋರಾಟ ನಡೆದದ್ದು ಕೋಟ್ಯಂತರ ವೀಕ್ಷಕರ ಕಣ್ಣೆದುರಿಗೆ. ಧಾರಾವಾಹಿಯ ಹತ್ತು ವರ್ಷಗಳಲ್ಲಿ ಅವರ ತೂಕ 58 ಕಿಲೋದಿಂದ 102 ಕಿಲೋವರೆಗೆ ಏರಿಳಿಯಿತು. ದಪ್ಪಗಾಗಿ ಕಂಡರೆ ಅದು ಮದ್ಯದ ಕಾಲ, ಸೊರಗಿ ಕಂಡರೆ ಮಾತ್ರೆಗಳ ಕಾಲ ಎಂದು ಅವರೇ ಬಿಡಿಸಿ ಹೇಳಿದ್ದಾರೆ. 2001ರಲ್ಲಿ ಕಥೆಯ ಪ್ರಕಾರ ಅವರ ಪಾತ್ರ ಚಾಂಡ್ಲರ್‌ನ ಮದುವೆ ಚಿತ್ರೀಕರಣವಾದ ದಿನ, ಮದುವಣಿಗನ ವೇಷ ಕಳಚಿ ಅವರು ಹಿಂದಿರುಗಿದ್ದು ಚಿಕಿತ್ಸಾ ಕೇಂದ್ರಕ್ಕೆ. ಮೂರನೆಯ ಮತ್ತು ಆರನೆಯ ಆವೃತ್ತಿಗಳ ನಡುವಿನ ಮೂರು ವರ್ಷಗಳ ಚಿತ್ರೀಕರಣ ತಮಗೆ ನೆನಪೇ ಇಲ್ಲವೆಂದು 2016ರಲ್ಲಿ ಬಿಬಿಸಿ ರೇಡಿಯೋಗೆ ಹೇಳಿದ್ದರು. ಆ ಮೂರು ವರ್ಷಗಳ ಹಾಸ್ಯವನ್ನು ಜನ ಇಂದಿಗೂ ಮತ್ತೆ ಮತ್ತೆ ನೋಡಿ ನಗುತ್ತಾರೆ. ಅಷ್ಟು ಕರಾರುವಾಕ್ಕಾದ ಹಾಸ್ಯ ಅಂಥ ದೇಹಸ್ಥಿತಿಯಲ್ಲಿ ಹೇಗೆ ಹೊಮ್ಮಿತೆಂದು ಯೋಚಿಸಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. 2018ರಲ್ಲಿ ಓಪಿಯಾಯ್ಡ್‌ಗಳಿಂದಾಗಿ ಅವರ ದೊಡ್ಡ ಕರುಳು ಒಡೆದು, ಎರಡು ವಾರ ಕೋಮಾದಲ್ಲಿದ್ದು, ಐದು ತಿಂಗಳು ಆಸ್ಪತ್ರೆಯಲ್ಲಿ ಕಳೆದರು.

ಇನ್ನು ಸಾವಿನ ವಿಚಾರ. 2023ರ ಅಕ್ಟೋಬರ್ 28ರಂದು ಲಾಸ್ ಏಂಜಲೀಸ್‌ನ ತಮ್ಮ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 54 ವರ್ಷ. ಕೆಟಮಿನ್ ಎಂಬ ಅರಿವಳಿಕೆ ಔಷಧದ ತೀವ್ರ ಪರಿಣಾಮವೇ ಮುಖ್ಯ ಕಾರಣವೆಂದು ಮರಣೋತ್ತರ ಪರೀಕ್ಷೆ ತಿಳಿಸಿತು. ಲೇಖನ ಇಲ್ಲಿಗೆ ನಿಂತಿದೆ, ನಿಲ್ಲಬಾರದಿತ್ತು. ಖಿನ್ನತೆಗೆ ಅವರು ವೈದ್ಯರ ಉಸ್ತುವಾರಿಯಲ್ಲಿಯೇ ಕೆಟಮಿನ್ ಪಡೆಯುತ್ತಿದ್ದರು. ಅಲ್ಲಿನ ವೈದ್ಯರು ಪ್ರಮಾಣ ಹೆಚ್ಚಿಸಲು ಒಪ್ಪದಿದ್ದಾಗ ಬೇರೆಡೆ ಹುಡುಕಿದರು, ಮತ್ತು ಹುಡುಕುವ ರೋಗಿಗಾಗಿ ಕಾದಿದ್ದವರು ಸಿಕ್ಕರು. ಸುಮಾರು 12 ಡಾಲರ್ ಬೆಲೆಯ ಸೀಸೆಗೆ 2,000 ಡಾಲರ್ ವಸೂಲಿ ಮಾಡಲಾಯಿತೆಂದು ಸರ್ಕಾರಿ ವಕೀಲರು ಹೇಳಿದ್ದಾರೆ. ಈ ಮೂರ್ಖ ಎಷ್ಟು ಕೊಟ್ಟಾನೋ ಎಂಬರ್ಥದ ಸಂದೇಶವನ್ನು ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಕಳುಹಿಸಿದ್ದು ನ್ಯಾಯಾಲಯದ ದಾಖಲೆಗಳಲ್ಲಿದೆ. ವೈದ್ಯಕೀಯ ತರಬೇತಿಯೇ ಇಲ್ಲದ ಆಪ್ತ ಸಹಾಯಕ, ಕೊನೆಯ ದಿನವೊಂದರಲ್ಲೇ ಮೂರು ಸಲ ಚುಚ್ಚುಮದ್ದು ನೀಡಿದ್ದ. ಇಬ್ಬರು ವೈದ್ಯರೂ ಸೇರಿದಂತೆ ಐವರ ಮೇಲೆ ಮೊಕದ್ದಮೆ ಹೂಡಲಾಯಿತು, ಐವರೂ ತಪ್ಪೊಪ್ಪಿಕೊಂಡರು.

ಹಾಗೆಂದು ರೋಗಿಗೆ ಹೊಣೆಯೇ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಪೆರಿಯವರೂ ಹಾಗೆ ವಾದಿಸಲಿಲ್ಲ. ಹೇಳಿದ ಸುಳ್ಳುಗಳನ್ನು, ನೋಯಿಸಿದ ಜನರನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚಿಟ್ಟಿಲ್ಲ. ಆದರೆ ಮದ್ಯವ್ಯಸನ ಒಂದು ಕಾಯಿಲೆ ಎಂದು ಅಮೆರಿಕದ ವೈದ್ಯಕೀಯ ಸಂಘ 1956ರಲ್ಲಿಯೇ ಹೇಳಿತು. ಅಷ್ಟು ವರ್ಷಗಳ ನಂತರವೂ ನಾವು ‘ಚಟ’ ಎಂಬ ಪದವನ್ನೇ ಹಿಡಿದುಕೊಂಡಿದ್ದೇವೆ. ಬೇಕೆಂದಾಗ ಬಿಡಬಹುದಾದದ್ದು ಚಟ. ಬಿಡಬೇಕೆಂದು 90 ಲಕ್ಷ ಡಾಲರ್ ಖರ್ಚು ಮಾಡಿದ ಮನುಷ್ಯನಿಗೂ ಬಿಡಲಾಗದ್ದನ್ನು ಅದೇ ಪದದಿಂದ ಕರೆಯುವುದು ಯಾವ ನ್ಯಾಯ? ಆ ಶೀರ್ಷಿಕೆಯನ್ನು ಓದುವವರಲ್ಲಿ ಚಿಕಿತ್ಸೆಗೆ ಹೋಗಲೋ ಬೇಡವೋ ಎಂದು ಹೊಯ್ದಾಡುತ್ತಿರುವವರೂ ಇರುತ್ತಾರೆ. ನಾಚಿಕೆಯಿಂದ ಅವರು ಇನ್ನೊಂದು ತಿಂಗಳು ಬಚ್ಚಿಟ್ಟುಕೊಂಡರೆ ಆಗುವ ಹಾನಿ ಸಣ್ಣದಲ್ಲ. ಆದ್ದರಿಂದ ಮುಂದಿನ ಬರಹಗಳಲ್ಲಿಯಾದರೂ ‘ವ್ಯಸನ’, ‘ಮರುಕಳಿಕೆ’, ‘ಚಿಕಿತ್ಸೆ’ ಎಂಬ ಪದಗಳನ್ನು ಬಳಸಬೇಕೆಂದೂ ಬಹುವಚನವನ್ನು ಕೊನೆಯ ಸಾಲಿನವರೆಗೆ ಉಳಿಸಿಕೊಳ್ಳಬೇಕೆಂದೂ ವಿನಂತಿಸುತ್ತೇನೆ.

2013ರಲ್ಲಿ ಪೆರಿ ಮಾಲಿಬುವಿನಲ್ಲಿದ್ದ ತಮ್ಮ ಮನೆಯನ್ನು, ವ್ಯಸನದಿಂದ ಹೊರಬರುತ್ತಿದ್ದ ಗಂಡಸರು ಒಟ್ಟಿಗೆ ಇರುವ ನೆಲೆಯನ್ನಾಗಿ ಮಾರ್ಪಡಿಸಿದ್ದರು. ಅದು ಸುಮಾರು ಎರಡು ವರ್ಷ ನಡೆಯಿತು. ತಾವು ಸತ್ತ ಮೇಲೆ ಜನ ‘ಫ್ರೆಂಡ್ಸ್’ಗಿಂತ ಮೊದಲು, ತಾವು ಇತರ ವ್ಯಸನಿಗಳಿಗೆ ಮಾಡಿದ ಸಹಾಯವನ್ನು ನೆನೆಯಬೇಕೆಂಬುದು ಅವರ ಆಸೆಯಾಗಿತ್ತು. ಅವರ ಹೆಸರಿನಲ್ಲಿ ಈಗ ಅದೇ ಕೆಲಸಕ್ಕೆ ಒಂದು ಪ್ರತಿಷ್ಠಾನವಿದೆ. ತಾವು ಒಂದು ಇಡೀ ಪುಟ ಕೊಟ್ಟ ಆ ಲೇಖನದಲ್ಲಿ ಮಾಲಿಬುವಿನ ಮನೆಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಿ