ಏನಿದ್ದರೂ ಮನೆಗೆ ಹೇಳು ಪುಟ್ಟಿ

ಪುಟ್ಟಿ,

ಹಾಸ್ಟೆಲ್ ಊಟ ಒಗ್ಗುತ್ತಿದೆ ಅಂದೆಯಲ್ಲ, ಖುಷಿಯಾಯಿತು. ‘ನಮ್ಮೂರಲ್ಲಿ ಮನೆಯವರು ಇಷ್ಟು ಬಿಗಿ ಮಾಡಿದರೂ ಮಕ್ಕಳು ಯಾಕಮ್ಮ ಹೀಗೆ ಕದ್ದುಮುಚ್ಚಿ ಇರುತ್ತಾರೆ?’ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಿಗಿ ಜಾಸ್ತಿಯಾಗಿದ್ದಕ್ಕೇ ಹೀಗೆ ಅಂತ ನನಗನ್ನಿಸುತ್ತದೆ.

ಆಶಾ ಕೆಲಸಕ್ಕೆ ಮನೆಮನೆ ತಿರುಗುವವಳು ನಾನು. ಬೈಗುಳ, ಏಟು ಇರುವ ಮನೆಯ ಮಕ್ಕಳು ತಲೆ ತಗ್ಗಿಸಿ ಹೂಂ ಅನ್ನುತ್ತಾರೆ. ದಾರಿಗೆ ಬಂದರು ಅಂತ ಅಪ್ಪ ಅಂದುಕೊಳ್ಳುತ್ತಾನೆ. ಮಗ ಅಪ್ಪ ಮಲಗುವ ತನಕ ಅರಳಿಕಟ್ಟೆ ಬಿಟ್ಟು ಏಳುವುದಿಲ್ಲ. ಮಗಳ ಫೋನು ಅಕ್ಕಿ ಡ್ರಮ್ಮಿನೊಳಗೆ ಇರುತ್ತದೆ.

ಯಾರು ಅಂತ ಕೇಳಬೇಡ, ಹತ್ತನೇ ಕ್ಲಾಸಿನ ಹುಡುಗಿ. ಮುಟ್ಟಾದರೆ ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಹೇಳಿದರೆ ‘ಏನು ಮಾಡಿಕೊಂಡೆ?’ ಅಂತಾರೆ ಅನ್ನೋ ಭಯ. ಉಗುರು, ಕಣ್ಣಿನ ಒಳಭಾಗ ಬಿಳುಚಿಕೊಂಡಿದ್ದು ನೋಡಿ ನಾನೇ ಕೇಳಿದೆ. ಅವಳಮ್ಮನ ಹತ್ತಿರ ಕೂತು ಮಾತಾಡಿ, ಸರ್ಕಾರಿ ಆಸ್ಪತ್ರೆಯ ಸ್ನೇಹ ಕ್ಲಿನಿಕ್ಕಿಗೆ ಇಬ್ಬರನ್ನೂ ಕರೆದುಕೊಂಡು ಹೋದೆ. 10ರಿಂದ 19 ವರ್ಷದವರಿಗೆ ಅಂತಲೇ ಇರುವ ಜಾಗ ಅದು. ಎಷ್ಟು ತಿಂಗಳು ಸುಮ್ನೆ ನರಳಿದಳು ಆ ಮಗು!

ಇನ್ನೊಂದು ಮನೆಯಲ್ಲಿ, ಬಸ್ ಸ್ಟಾಂಡಿನಲ್ಲಿ ಯಾರ ಜೊತೆಗೋ ನಿಂತಿದ್ದಳು ಅಂತ ಓದು ಬಿಡಿಸಿ ಗಂಡು ಹುಡುಕಲು ಶುರು ಮಾಡಿದರು. 18 ತುಂಬದ ಹುಡುಗಿಗೆ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಪ್ರಕಾರ ಅಪರಾಧ. ನಮ್ಮ ರಾಜ್ಯದಲ್ಲಿ ಅಂಥ ಮದುವೆ ಊರ್ಜಿತವೂ ಆಗುವುದಿಲ್ಲ. ನಿನ್ನ ಗೆಳತಿಯರಿಗೆಲ್ಲ ಮಕ್ಕಳ ಸಹಾಯವಾಣಿ 1098 ನಂಬರು ಗೊತ್ತಿರಲಿ.

ಆ ಅಪ್ಪ ಅಮ್ಮಂದಿರಿಗೂ ಮಕ್ಕಳ ಮೇಲೆ ಜೀವವೇ. ಊರು ಏನನ್ನುತ್ತೋ, ನಾಳೆ ಸಂಬಂಧ ಬರುತ್ತೋ ಇಲ್ಲವೋ ಅನ್ನುವ ಅಳುಕು. ಆದರೆ ಮನೆಯಲ್ಲಿ ಏಟು ತಿಂದ ಹುಡುಗ, ಕಷ್ಟ ಬಂದಾಗ ಗೆಳೆಯರ ಹತ್ತಿರ ಓಡುತ್ತಾನೆ. ಅವರಿಗೂ ಅವನದ್ದೇ ವಯಸ್ಸು, ಅವನಷ್ಟೇ ಬುದ್ಧಿ.

ನಮ್ಮ ಮನೆಯಲ್ಲೂ ಕಟ್ಟುಪಾಡು ಇದೆ, ಮುಂದೆಯೂ ಇರುತ್ತದೆ. ಊರಿಗೆ ಬರುವಾಗ ಆರು ಗಂಟೆ ಬಸ್ಸು ಹಿಡಿ ಅನ್ನುವುದು ಯಾಕೆ ಗೊತ್ತಾ? ಕ್ರಾಸಿನಿಂದ ಊರಿನ ತನಕ ಒಂದು ಬೀದಿದೀಪವೂ ಇಲ್ಲ. ಬಸ್ಸು ತಪ್ಪಿತಾ, ಫೋನ್ ಮಾಡು. ಅಪ್ಪ ಗಾಡಿ ತರುತ್ತಾರೆ, ಯಾರೂ ಬೈಯುವುದಿಲ್ಲ.

ಕಾಲೇಜ್ ಟೂರಿನ ವಿಷಯ ನನ್ನ ಕೈಲಿ ಹೇಳಿಸಬೇಡ. ಈ ಭಾನುವಾರ ನೀನೇ ಅಪ್ಪನನ್ನು ಕೇಳು. ಬೇಡ ಅಂದರೆ ಯಾಕೆ ಅಂತಲೂ ಕೇಳು. ಎಷ್ಟು ದಿನ, ಯಾವ ಮೇಡಂ ಜೊತೆಗೆ ಬರುತ್ತಾರೆ, ಎಷ್ಟು ದುಡ್ಡು, ಎಲ್ಲ ಬರೆದುಕೊಂಡು ಬಾ.

ನಿನ್ನ ಅಮ್ಮ