ತುಟಿಯ ಮೇಲೆ ಇಟ್ಟ ಬೆರಳು

ಎಲ್ಲರಿಗೂ ಕನ್ನಡ ರಾಜ್ಯೋತ್ಸವದ ಶುಭಾಶಯಗಳು. ಕಾರ್ಯಕ್ರಮದ ಪಟ್ಟಿ, ಯಾರ ಮನೆಯಿಂದ ಯಾವ ಅಡುಗೆ, ಮಕ್ಕಳ ನಾಟಕದ ಅಭ್ಯಾಸದ ದಿನಗಳು, ಎಲ್ಲವೂ ಒಳಗಿನ ಪುಟಗಳಲ್ಲಿವೆ. ಈ ಪುಟವನ್ನು ಮಾತ್ರ ಈ ಸಲ ಒಬ್ಬ ಹುಡುಗನಿಗೆ ಬಿಟ್ಟುಕೊಡುತ್ತಿದ್ದೇನೆ. ಹೆಸರು ಡೈಕಿ ಹಶಿಮೊಟೊ. 2025ರ ಅಕ್ಟೋಬರ್‌ನಲ್ಲಿ, 24ನೆಯ ವಯಸ್ಸಿಗೆ, ಜಕಾರ್ತದಲ್ಲಿ ನಡೆದ ವಿಶ್ವ ಜಿಮ್ನಾಸ್ಟಿಕ್ಸ್ ಚಾಂಪಿಯನ್‌ಶಿಪ್‌ನಲ್ಲಿ ಆಲ್‌ರೌಂಡ್, ಅಂದರೆ ಆರೂ ವಿಭಾಗ ಸೇರಿದ ಸ್ಪರ್ಧೆಯ, ಚಿನ್ನ ಗೆದ್ದ. ಇದು ಅವನ ಮೂರನೆಯ ವಿಶ್ವ ಆಲ್‌ರೌಂಡ್ ಪಟ್ಟ.

ಜಪಾನಿನಲ್ಲಿ ಬದುಕು ಕಟ್ಟಿಕೊಂಡಿರುವ ನಮಗೆ ಇವನು ದೂರದವನೇನಲ್ಲ. ಹುಟ್ಟಿದ್ದು ಚಿಬಾ ಪ್ರಾಂತ್ಯದ ನರಿತಾದಲ್ಲಿ. ಬೆಂಗಳೂರಿನಿಂದ ನೇರ ವಿಮಾನ ಬಂದು ಇಳಿಯುತ್ತದಲ್ಲ, ಅದೇ ನರಿತಾ. ನಮ್ಮಲ್ಲಿ ಎಷ್ಟೋ ಜನ ಉಪ್ಪಿನಕಾಯಿ, ಚಟ್ನಿಪುಡಿ ತುಂಬಿದ ಸೂಟ್‌ಕೇಸ್ ಎಳೆದುಕೊಂಡು ಈ ದೇಶದಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಇವನ ಊರಿನಲ್ಲೇ. ಓದಿದ ಹೈಸ್ಕೂಲು ಫುನಾಬಾಶಿಯಲ್ಲಿ. ಆಮೇಲೆ ಜುಂಟೆಂಡೊ ವಿಶ್ವವಿದ್ಯಾಲಯ. ಇಬ್ಬರು ಅಣ್ಣಂದಿರು ಜಿಮ್ನಾಸ್ಟಿಕ್ಸ್ ಮಾಡುತ್ತಿದ್ದರು. ಅವರ ಹಿಂದೆಯೇ ಇವನೂ ಆರು ವರ್ಷದವನಿದ್ದಾಗ ಅಂಗಳಕ್ಕೆ ಬಂದ.

ಈ ದೇಶದ ಮಕ್ಕಳಿಗೆ ಈ ಆಟ ಎಷ್ಟು ಹತ್ತಿರ ಅನ್ನುವುದು ನನಗೆ ಅರ್ಥವಾದದ್ದು ಮಗಳು ಪ್ರಾಥಮಿಕ ಶಾಲೆಗೆ ಸೇರಿದ ಮೇಲೆ. ಇಲ್ಲಿ ವ್ಯಾಯಾಮಕ್ಕೂ ಜಿಮ್ನಾಸ್ಟಿಕ್ಸ್‌ಗೂ ಇರುವುದು ಒಂದೇ ಮಾತು, ತೈಸೊ. ಬೆಳಗ್ಗೆ ಆರೂವರೆಗೆ ರೇಡಿಯೊದಲ್ಲಿ ಪಿಯಾನೊ ಶುರುವಾದರೆ ಪಾರ್ಕಿನಲ್ಲಿ ಅಜ್ಜ ಅಜ್ಜಿಯರು ಕೈ ಎತ್ತುತ್ತಾರಲ್ಲ, ಅದೂ ತೈಸೊ. 1928ರಿಂದ ನಡೆದು ಬಂದದ್ದು. ಬೇಸಿಗೆ ರಜೆಯಲ್ಲಿ ನಮ್ಮ ಮಕ್ಕಳೂ ಕುತ್ತಿಗೆಗೆ ಕಾರ್ಡು ನೇತು ಹಾಕಿಕೊಂಡು ಹೋಗಿ ಮುದ್ರೆ ಹಾಕಿಸಿಕೊಂಡು ಬರುತ್ತಾರೆ. ಪ್ರತಿ ಶಾಲೆಯ ಮೈದಾನದಲ್ಲೂ, ಹೆಚ್ಚಿನ ಪಾರ್ಕುಗಳಲ್ಲೂ ಮೂರು ಎತ್ತರದ ಕಬ್ಬಿಣದ ಸರಳುಗಳಿರುತ್ತವೆ. ಅದು ತೆತ್ಸುಬೊ. ಆ ಸರಳು ಹಿಡಿದು, ನೆಲವನ್ನು ಒದ್ದು, ಕಾಲು ಮೇಲೆ ಮಾಡಿ ಹಿಂದಕ್ಕೆ ಒಂದು ಸುತ್ತು ಹಾಕಿ ಏಳುವುದಕ್ಕೆ ಸಾಕಾಗಾರಿ ಅನ್ನುತ್ತಾರೆ. ಎರಡನೆಯ, ಮೂರನೆಯ ತರಗತಿಯ ಮಕ್ಕಳಿಗೆ ಅದೊಂದು ದೊಡ್ಡ ಕನಸು.

ಮಗಳಿಗೆ ಇನ್ನೂ ಬಂದಿಲ್ಲ. ಸಂಜೆ ಸಂಜೆ ಪಾರ್ಕಿಗೆ ಹೋಗುತ್ತೇವೆ. ಅಂಗೈ ತುಂಬ ಬೊಬ್ಬೆ. ಇಲ್ಲಿಯವರು ಅದಕ್ಕೆ ಮಾಮೆ ಅನ್ನುತ್ತಾರೆ. ಮಾಮೆ ಅಂದರೆ ಕಾಳು. ಚರ್ಮದ ಕೆಳಗೆ ಹೆಸರುಕಾಳು ಇಟ್ಟ ಹಾಗೆ ಕಾಣುತ್ತದೆ, ನಿಜ. ಊರಿನಲ್ಲಿ ಮಲ್ಲಕಂಬ ಹತ್ತುವ ಹುಡುಗರ ಅಂಗೈ ಮುಟ್ಟಿ ನೋಡಿದವರಿಗೆ ಈ ಕಾಳು ಮುಂದೆ ಏನಾಗುತ್ತದೆ ಅಂತ ಗೊತ್ತಿರುತ್ತದೆ.

ಹಶಿಮೊಟೊ ಗೆಲ್ಲುವುದೂ ಹೆಚ್ಚಾಗಿ ಇದೇ ಸರಳಿನ ಮೇಲೆ. ಸ್ಪರ್ಧೆಯ ಸರಳು ನೆಲದ ಮಟ್ಟದಿಂದ 2.8 ಮೀಟರ್ ಎತ್ತರದಲ್ಲಿರುತ್ತದೆ. ದಪ್ಪ 28 ಮಿಲಿಮೀಟರ್ ಮಾತ್ರ. ಅದರ ಸುತ್ತ ತಿರುಗುತ್ತ ತಿರುಗುತ್ತ ಕೈಬಿಟ್ಟು, ಮೇಲೆ ಗಾಳಿಯಲ್ಲಿ ಲಾಗ ಹಾಕಿ, ಮೈ ತಿರುಚಿ, ಮತ್ತೆ ಅದನ್ನೇ ಹಿಡಿಯಬೇಕು. ಗಂಡಸರ ಆಲ್‌ರೌಂಡ್‌ನಲ್ಲಿ ಆರು ವಿಭಾಗ. ಫ್ಲೋರ್, ಪಾಮೆಲ್ ಹಾರ್ಸ್ (ಎರಡು ಹಿಡಿಗಳಿರುವ ದಿಮ್ಮಿ), ರಿಂಗ್ಸ್, ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವುದು), ಪ್ಯಾರಲಲ್ ಬಾರ್ಸ್, ಹೈ ಬಾರ್ (ಈ ಸರಳೇ). ವರಸೆ ಎಷ್ಟು ಕಷ್ಟದ್ದೋ ಅಷ್ಟು ಅಂಕ ಕೂಡುತ್ತ ಹೋಗುತ್ತದೆ. ಚೊಕ್ಕವಾಗಿ ಮಾಡಿದ್ದಕ್ಕೆ ಬೇರೆಯೇ ಹತ್ತು ಅಂಕ, ತಪ್ಪಾದಾಗಲೆಲ್ಲ ಅದರಿಂದ ಕಳೆಯುತ್ತ ಬರುತ್ತಾರೆ. ಇಳಿಯುವಾಗ ಸಣ್ಣ ಹೆಜ್ಜೆ ಅಲುಗಿದರೆ 0.1 ಹೋಯಿತು. ಬಿದ್ದರೆ ಪೂರ್ತಿ ಒಂದು ಅಂಕ.

ಈ ಲೆಕ್ಕ ಗೊತ್ತಿದ್ದರೆ ಮುಂದಿನ ಕಥೆ ಹಿಡಿಯುವುದು ಸುಲಭ.

2019ರಲ್ಲಿ, ಹೈಸ್ಕೂಲಿನಲ್ಲಿ ಇದ್ದಾಗಲೇ, ಜರ್ಮನಿಯ ಸ್ಟುಟ್‌ಗಾರ್ಟ್‌ನ ವಿಶ್ವ ಸ್ಪರ್ಧೆಗೆ ಹೋಗಿ ತಂಡದೊಂದಿಗೆ ಕಂಚು ತಂದ. ಎರಡು ವರ್ಷದ ಮೇಲೆ ಟೋಕಿಯೊ ಒಲಿಂಪಿಕ್ಸ್. ಆ ಬೇಸಿಗೆ ನೆನಪಿದೆ ಅಲ್ವಾ? ಕೊರೊನಾ. ನಮ್ಮ ಊರಿನಲ್ಲೇ ಒಲಿಂಪಿಕ್ಸ್, ನಾವು ಮಾತ್ರ ಟಿವಿ ಮುಂದೆ. ಅರಿಯಾಕೆಯ ಮರದ ಚಾವಣಿಯ ಆ ಚೆಂದದ ಅಂಗಳದಲ್ಲಿ ಕುರ್ಚಿಗಳೆಲ್ಲ ಖಾಲಿ. ಮೊದಲ ದಿನವೇ ಕೊಹೆಯ್ ಉಚಿಮುರಾ ಹೈ ಬಾರ್‌ನಿಂದ ಬಿದ್ದರು. ಆರು ಸಲ ವಿಶ್ವ ಆಲ್‌ರೌಂಡ್ ಪಟ್ಟ, ಎರಡು ಸಲ ಒಲಿಂಪಿಕ್ ಪಟ್ಟ ಗೆದ್ದವರು. ಈ ದೇಶ ರಾಜ ಅಂತ ಕರೆದ ಮನುಷ್ಯ. ಅವರು ಅಂಗಳದಿಂದ ಹೊರಗೆ ನಡೆದು ಹೋದದ್ದನ್ನು ನೋಡಿ ನನಗೆ ಆ ರಾತ್ರಿ ಊಟ ಸೇರಲಿಲ್ಲ.

ನಾಲ್ಕು ದಿನಕ್ಕೆ, 2021ರ ಜುಲೈ 28ರಂದು, ಹಶಿಮೊಟೊ ಆಲ್‌ರೌಂಡ್ ಫೈನಲ್‌ನ ಕೊನೆಯ ಸುತ್ತಿಗೆ ಬಂದಾಗ ಚೀನಾದ ಶಾವ್ ರುವೊಟೆಂಗ್‌ಗಿಂತ ಹಿಂದೆ ಇದ್ದ. ಉಳಿದಿದ್ದದ್ದು ಹೈ ಬಾರ್. 14.933 ತೆಗೆದ. ಒಟ್ಟು 88.465. ಶಾವ್‌ಗೆ 88.065. ಹತ್ತೊಂಬತ್ತನೆಯ ವಯಸ್ಸಿಗೆ ಒಲಿಂಪಿಕ್ ಆಲ್‌ರೌಂಡ್ ಚಿನ್ನ! ಗಂಡಸರಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಅದನ್ನು ಯಾರೂ ಗೆದ್ದಿರಲಿಲ್ಲ. ಮುಂದಿನ ವಾರ ಹೈ ಬಾರ್‌ನಲ್ಲಿ ಇನ್ನೊಂದು ಚಿನ್ನ, 15.066 ಅಂಕಕ್ಕೆ. (ಈ ಅಂಕ ನೋಡಿದ ಕೂಡಲೇ ನನಗೆ ಅಗರ್ತಲಾದ ದೀಪಾ ಕರ್ಮಾಕರ್ ನೆನಪಾದರು. 2016ರಲ್ಲಿ ರಿಯೊದ ವಾಲ್ಟ್ ಫೈನಲ್‌ನಲ್ಲಿ ಅವರು ಪಡೆದದ್ದೂ ಸರಿಯಾಗಿ 15.066. ಕಂಚು 0.15ರಲ್ಲಿ ತಪ್ಪಿತ್ತು.)

ಆದರೆ ಆಲ್‌ರೌಂಡ್ ಗೆದ್ದ ರಾತ್ರಿಯೇ ಅವನ ಫೋನಿಗೆ ಬೈಗುಳ ಸುರಿಯತೊಡಗಿತು. ವಾಲ್ಟ್‌ನಲ್ಲಿ ಇಳಿಯುವಾಗ ಅವನ ಒಂದು ಕಾಲು ಚಾಪೆಯಿಂದ ಹೊರಗೆ ಹೋಗಿತ್ತು. ಆದರೂ 14.700 ಬಂತು. ತವರಿನ ಹುಡುಗ ಅಂತ ಅಂಕ ಕೊಟ್ಟರು ಅನ್ನುವುದು ಚೀನಾದ ಅಭಿಮಾನಿಗಳ ಸಿಟ್ಟು. ಅಂತರರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟವೇ ಮುಂದೆ ಬಂದು, ಕಳೆಯಬೇಕಾದ ಅಂಕವನ್ನೆಲ್ಲ ಕಳೆದಿದ್ದೇವೆ, ಕೊಟ್ಟದ್ದು ಸರಿ ಇದೆ ಅಂತ ಹೇಳಬೇಕಾಯಿತು. ಇನ್ನೊಂದು ದೂರು ಶಾವ್‌ಗೆ ಹಾಕಿದ ದಂಡದ ಬಗ್ಗೆ. ಹೈ ಬಾರ್ ಮುಗಿಸಿ ತೀರ್ಪುಗಾರರಿಗೆ ಕೈ ಎತ್ತಿ ವಂದಿಸುವುದನ್ನು ಮರೆತಿದ್ದಕ್ಕೆ 0.3 ಕಳೆದಿದ್ದರು. ಅದನ್ನು ವಾಪಸ್ ಕೂಡಿಸಿ ನೋಡಿ. 88.365 ಆಗುತ್ತದೆ. ಆಗಲೂ ಹಶಿಮೊಟೊ 0.1 ಮುಂದೆ. ಲೆಕ್ಕ ಅಷ್ಟು ಸರಳ ಇತ್ತು, ಆದರೆ ಬೈಯುವವರು ಕೂಡಿಸಿ ನೋಡುವುದಿಲ್ಲ. ಶಾವ್ ಮಾತ್ರ ದೊಡ್ಡತನ ತೋರಿಸಿದ. ಆಟಗಾರರ ಮೇಲೆ ಬೀಳಬೇಡಿ ಅಂತ ತನ್ನ ಅಭಿಮಾನಿಗಳನ್ನೇ ಕೇಳಿಕೊಂಡ.

ಹತ್ತೊಂಬತ್ತು ವರ್ಷದ ಹುಡುಗ. ಬದುಕಿನ ಅತಿ ದೊಡ್ಡ ದಿನ. ಅವತ್ತು ರಾತ್ರಿ ಅಂಥದ್ದನ್ನೆಲ್ಲ ಓದಬೇಕಾಗಿ ಬಂದರೆ ಮನಸ್ಸಿನಲ್ಲಿ ಏನು ಕೂರುತ್ತದೆ? ಆ ದೇಶದ ಮೇಲೆ, ಆ ಆಟಗಾರರ ಮೇಲೆ ಕಹಿ ಕೂತಿದ್ದರೆ ನಾನಂತೂ ಅವನನ್ನು ದೂರುತ್ತಿರಲಿಲ್ಲ.

ಅದೇ ಅಕ್ಟೋಬರ್‌ನಲ್ಲಿ ಕಿಟಾಕ್ಯುಶುವಿನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಚೀನಾ ಕಳಿಸಿದ್ದು ಟೋಕಿಯೊ ತಂಡದಲ್ಲಿ ಜಾಗ ಸಿಗದಿದ್ದ ಝಾಂಗ್ ಬೊಹೆಂಗ್‌ನನ್ನು. ಝಾಂಗ್ 87.981. ಹಶಿಮೊಟೊ 87.964. ವ್ಯತ್ಯಾಸ 0.017. ಒಂದು ಸಣ್ಣ ಹೆಜ್ಜೆಗೆ 0.1 ಹೋಗುತ್ತದೆ ಅಂದೆನಲ್ಲ, ಅದರ ಆರರಲ್ಲಿ ಒಂದು ಪಾಲು. ಆರು ವಿಭಾಗ ಮುಗಿಸಿ, ಅಷ್ಟರಲ್ಲಿ ಸೋಲು. ಇವರಿಬ್ಬರ ಜೋಡಿ ಶುರುವಾದದ್ದು ಹೀಗೆ. ಮುಂದಿನ ವರ್ಷ ಲಿವರ್‌ಪೂಲ್‌ನಲ್ಲಿ ಹಶಿಮೊಟೊ ಚಿನ್ನ, ಝಾಂಗ್ ಬೆಳ್ಳಿ. 2023ರಲ್ಲಿ ಆಂಟ್‌ವರ್ಪ್‌ನಲ್ಲಿ ತಂಡ, ಆಲ್‌ರೌಂಡ್, ಹೈ ಬಾರ್, ಮೂರರಲ್ಲೂ ಹಶಿಮೊಟೊಗೆ ಚಿನ್ನ. ಅಲ್ಲಿಗೆ ಝಾಂಗ್ ಬಂದಿರಲಿಲ್ಲ.

ಇನ್ನು ಪ್ಯಾರಿಸ್. ನಾನು ಹೇಳಬೇಕೆಂದು ಕೂತದ್ದೇ ಈ ರಾತ್ರಿಯ ಬಗ್ಗೆ.

2024ರ ಮೇ ತಿಂಗಳಲ್ಲಿ ಅವನ ಬಲಗೈ ಮಧ್ಯದ ಬೆರಳಿಗೆ ಪೆಟ್ಟಾಯಿತು. ಒಲಿಂಪಿಕ್ ತಂಡವನ್ನು ಆರಿಸುವ ಸ್ಪರ್ಧೆಯಾದ ಎನ್‌ಎಚ್‌ಕೆ ಕಪ್ ಬಿಡಬೇಕಾಯಿತು. ಒಲಿಂಪಿಕ್ಸ್‌ಗೆ ಎರಡೇ ತಿಂಗಳು. ಕೈಯಿಂದಲೇ ಬದುಕುವ ಆಟ ಇದು, ಒಂದು ಬೆರಳು ಅಂದರೆ ಸುಮ್ನೆ ಅಲ್ಲ. ಪ್ಯಾರಿಸ್‌ಗೆ ಬಂದವನು ಹಳೆಯ ಹಶಿಮೊಟೊ ಆಗಿರಲಿಲ್ಲ. ಅರ್ಹತಾ ಸುತ್ತಿನಲ್ಲಿ ತನ್ನದೇ ಹೈ ಬಾರ್‌ನ ಫೈನಲ್‌ಗೆ ಜಾಗ ಸಿಗಲಿಲ್ಲ. ಜುಲೈ 29ರಂದು ತಂಡದ ಫೈನಲ್. ಪಾಮೆಲ್ ಹಾರ್ಸ್‌ನಲ್ಲಿ ಬಿದ್ದುಬಿಟ್ಟ. ಈ ಫೈನಲ್‌ನಲ್ಲಿ ಪ್ರತಿ ವಿಭಾಗಕ್ಕೆ ಮೂವರು ಇಳಿಯುತ್ತಾರೆ, ಮೂವರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಬಿದ್ದವನ ಅಂಕವನ್ನು ಬಿಡುವ ಹಾಗಿಲ್ಲ. ತಾನು ಕಳೆದ ಅಂಕವನ್ನು ಇಡೀ ತಂಡ ಹೊತ್ತುಕೊಂಡು ಓಡುವುದನ್ನು ಮುಂದಿನ ನಾಲ್ಕು ವಿಭಾಗ ಪಕ್ಕದಲ್ಲೇ ನಿಂತು ನೋಡಬೇಕು. ನಾಯಕ ಕಜುಮಾ ಕಾಯಾ ಮಾತ್ರ ಕೂಗುವುದನ್ನು ನಿಲ್ಲಿಸಲಿಲ್ಲ, ಕೈಚೆಲ್ಲಬೇಡಿ ಅಂತ.

ಹೈ ಬಾರ್ ಒಂದೇ ಉಳಿದಾಗ ಚೀನಾ 3.267 ಅಂಕ ಮುಂದೆ. ಇಲ್ಲಿ ಜಪಾನಿನಲ್ಲಿ ಆಗ ಬೆಳಗಿನ ಜಾವ. ಮನೆಯವರು ಇನ್ನು ಮಲಗೋಣ ಅಂದರು. ನಾನೂ ರಿಮೋಟಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಚೀನಾದ ಸು ವೈಡೆ ಬಾರ್‌ನಿಂದ ಜಾರಿದ. ಎದ್ದು ಮತ್ತೆ ಹಿಡಿದ. ಮತ್ತೆ ಬಿದ್ದ. ನನ್ನ ಎದೆ ಹೊಡೆದುಕೊಂಡದ್ದು ಸಂತೋಷಕ್ಕೋ ಸಂಕಟಕ್ಕೋ ಇವತ್ತಿಗೂ ಹೇಳಲಾರೆ. ಎದುರಾಳಿಯೇ ಇರಲಿ, ಒಬ್ಬ ಹುಡುಗ ಎಲ್ಲರ ಮುಂದೆ ಹಾಗೆ ನೆಲಕ್ಕೆ ಬೀಳುವುದನ್ನು ನೋಡಿ ಖುಷಿ ಪಡಲು ಆಗುವುದಿಲ್ಲ.

ಜಪಾನಿನ ಕೊನೆಯವನು ಹಶಿಮೊಟೊ. ಅದೇ ಬೆರಳು, ಅದೇ ಬಾರ್. ಬೀಳಲಿಲ್ಲ. 14.566. ಇಳಿದು ನಿಂತಾಗ ಜಪಾನಿನ ಬೆಂಚು ಕುಣಿಯುತ್ತಿತ್ತು. ಪ್ಯಾರಿಸ್‌ನ ಬೆರ್ಸಿ ಅಂಗಳ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿತ್ತು. ಆದರೆ ಇನ್ನೂ ಒಬ್ಬ ಬಾಕಿ ಇದ್ದ. ಬಾರ್‌ಗೆ ಏರಬೇಕಾದವನು ಝಾಂಗ್ ಬೊಹೆಂಗ್. ಮೂರು ವರ್ಷದ ಹಿಂದೆ ಕಿಟಾಕ್ಯುಶುವಿನಲ್ಲಿ 0.017ರಲ್ಲಿ ಸೋಲಿಸಿದ ಅದೇ ಝಾಂಗ್.

ಹಶಿಮೊಟೊ ಪ್ರೇಕ್ಷಕರ ಕಡೆ ತಿರುಗಿ ತುಟಿಯ ಮೇಲೆ ಬೆರಳು ಇಟ್ಟ. ಸದ್ದು ಮಾಡಬೇಡಿ, ಅವನು ಇನ್ನೂ ಮಾಡಬೇಕು.

ನಾನು ಆ ತುಣುಕನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗದ್ದಲ ಹಾಗೇ ಇದ್ದಿದ್ದರೆ ಲಾಭ ಇವನಿಗೇ. ಝಾಂಗ್‌ನ ಕೈ ಒಂದು ಕ್ಷಣ ತಪ್ಪಿದರೆ ಚಿನ್ನ ಖಾತ್ರಿ. ಸುಮ್ಮನೆ ತನ್ನವರ ಜೊತೆ ಕುಣಿಯುತ್ತಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಟೋಕಿಯೊದಲ್ಲಿ ಖಾಲಿ ಕುರ್ಚಿಗಳ ಮುಂದೆ ಗೆದ್ದು, ಚೀನಾದ ಅಭಿಮಾನಿಗಳಿಂದ ಅಷ್ಟೆಲ್ಲ ಅನ್ನಿಸಿಕೊಂಡವನು ಇವನು. ತುಂಬಿದ ಅಂಗಳ ಮೊದಲ ಸಲ ಅವನಿಗಾಗಿ ಕೂಗುತ್ತಿದ್ದ ಒಲಿಂಪಿಕ್ಸ್ ಅದು. ಆ ಕೂಗನ್ನು ಚೀನಾದ ಆಟಗಾರನಿಗಾಗಿ ತಾನೇ ನಿಲ್ಲಿಸಲು ನೋಡಿದ. ಅದಕ್ಕೆ ಅವನು ಯೋಚನೆ ಮಾಡಿದಂತೆಯೂ ಕಾಣಲಿಲ್ಲ. ದೇವರ ಮನೆಯಲ್ಲಿ ಅಜ್ಜಿ ಜಪಕ್ಕೆ ಕೂತಾಗ ನಾವು ತಮ್ಮ ತಂಗಿಯರನ್ನು ಸುಮ್ಮನಿರಿಸುತ್ತಿದ್ದೆವಲ್ಲ, ಅಷ್ಟು ಸಹಜವಾಗಿ ಬಂತು ಆ ಬೆರಳು.

ಝಾಂಗ್ ಬೀಳದೆ ಮುಗಿಸಿದ. ಜಪಾನ್ 259.594, ಚೀನಾ 259.062. ರೋಮ್‌ನಿಂದ ಮಾಂಟ್ರಿಯಲ್‌ವರೆಗೆ, 1960ರಿಂದ 1976ರವರೆಗೆ, ಸಾಲಾಗಿ ಐದು ಸಲ ಒಲಿಂಪಿಕ್ ತಂಡದ ಚಿನ್ನ ಗೆದ್ದಿದ್ದ ದೇಶಕ್ಕೆ ಅಥೆನ್ಸ್, ರಿಯೊ ಆದ ಮೇಲೆ ಇದು ಎಂಟನೆಯದು.

ಎರಡು ದಿನ ಬಿಟ್ಟು ಆಲ್‌ರೌಂಡ್ ಫೈನಲ್. ಹಶಿಮೊಟೊ ಪಾಮೆಲ್ ಹಾರ್ಸ್‌ನಲ್ಲಿ ಮತ್ತೆ ಬಿದ್ದ. ಆರನೆಯ ಸ್ಥಾನ. ಚಿನ್ನ ಅವನದೇ ತಂಡದ ಶಿನ್ನೊಸುಕೆ ಓಕಾಗೆ ಹೋಯಿತು, ಝಾಂಗ್‌ಗಿಂತ 0.233 ಹೆಚ್ಚು ತೆಗೆದು. ಓಕಾಗೆ ಆಗ ಇಪ್ಪತ್ತು. ಎರಡು ವರ್ಷದ ಹಿಂದೆ ಮಂಡಿಯ ಲಿಗಮೆಂಟ್ ಹರಿದು ಮೂಲೆಗೆ ಕೂತಿದ್ದ ಹುಡುಗ. ಹೈ ಬಾರ್ ಚಿನ್ನವೂ ಅವನಿಗೇ. ಪತ್ರಿಕೆಗಳ ಮೊದಲ ಪುಟದಿಂದ ಹಶಿಮೊಟೊ ಒಳಗಿನ ಪುಟಕ್ಕೆ ಸರಿದ. ಮೂರು ವರ್ಷದಲ್ಲಿ ಒಬ್ಬ ಹೊಸ ರಾಜ ಹಳೆಯ ರಾಜನಾಗಿಬಿಟ್ಟ ಅಂತ ಆಗ ನನಗೂ ಅನ್ನಿಸಿತ್ತು. ನನ್ನ ಆ ಎಣಿಕೆ ತಪ್ಪಾಯಿತು ಅಂತ ಬರೆಯುವುದಕ್ಕೆ ಎಷ್ಟು ಸಂತೋಷವಾಗುತ್ತಿದೆ ಗೊತ್ತಾ.

ಜಕಾರ್ತದಲ್ಲಿ ಅವನಿಗೆ 85.131. ಬೆಳ್ಳಿ ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ. ಝಾಂಗ್‌ಗೆ. ಹೈ ಬಾರ್‌ನಲ್ಲಿ ಅಮೆರಿಕದ ಬ್ರೋಡಿ ಮಲೋನ್ ಗೆದ್ದ, ಹಶಿಮೊಟೊ ಎರಡನೆಯವನು.

2026ರ ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ ಐಚಿ ಪ್ರಾಂತ್ಯದಲ್ಲಿ, ನಗೋಯಾದಲ್ಲಿ, ಏಷ್ಯನ್ ಗೇಮ್ಸ್ ನಡೆಯುತ್ತದೆ. ಇಬ್ಬರೂ ಬಂದರೆ ಮತ್ತೆ ಎದುರು ಬದುರು. ಟೋಕಿಯೊದಲ್ಲಿ ನಮಗೆ ಒಳಗೆ ಹೋಗಲು ಆಗಲಿಲ್ಲ. ಈ ಸಲ ಮಕ್ಕಳನ್ನು ಕರೆದುಕೊಂಡು ಒಂದು ಗುಂಪಾಗಿ ಜಿಮ್ನಾಸ್ಟಿಕ್ಸ್ ನೋಡಲು ಹೋಗೋಣ ಅಂತ ನನ್ನ ಆಸೆ. ಬರಲು ಮನಸ್ಸಿರುವ ಕುಟುಂಬಗಳು ರಾಜ್ಯೋತ್ಸವದ ದಿನ ಊಟದ ಕೌಂಟರ್ ಪಕ್ಕದ ಮೇಜಿನಲ್ಲಿ ಹೆಸರು ಬರೆಸಿ. ಟಿಕೆಟ್ ಬೆಲೆ, ದಿನಾಂಕ ತಿಳಿದ ಹಾಗೆ ಮುಂದಿನ ಸಂಚಿಕೆಗಳಲ್ಲಿ ಹಾಕುತ್ತೇವೆ.

ಮಗಳು ಆಗಲೇ ಮೊದಲ ಹೆಸರು ಬರೆದಿಟ್ಟಿದ್ದಾಳೆ. ಹೈ ಬಾರ್ ಹತ್ತಿರದ ಸಾಲಿನಲ್ಲೇ ಸೀಟು ಬೇಕಂತೆ.